ಹಾಸಿಗೆಯಲ್ಲಿ ಕೇಳಿದ ಮಳೆ

"ಅಲ್ಲಾಡ್ಬೇಡಿ. ನೇರವಾಗಿ ನನ್ನನ್ನೇ ನೋಡಿ."

"ನಿಮ್ಮನ್ನೇ ಅಂದ್ರೆ, ಎಲ್ಲಿ?"

"ಮೂಗು ನೋಡಿ, ಸಾಕು."

ದರ್ಜಿ ಮೂಗು ನೋಡಿದ. ಕನ್ನಡಕದ ಅಂಗಡಿಯವಳು ಅವನ ಕಣ್ಣುಗಳ ಕೆಳಗೆ ಅಳತೆಪಟ್ಟಿ ಹಿಡಿದು, ಒಂದು ಕಣ್ಣಿನಿಂದ ಇನ್ನೊಂದಕ್ಕಿರುವ ದೂರ ನೋಡುತ್ತಿದ್ದಳು. ಊರಿನವರ ತೋಳು, ಎದೆ, ಸೊಂಟವನ್ನೆಲ್ಲ ಅಳೆದವನಿಗೆ ತಾನೇ ಅಳತೆಗೆ ಕುಳಿತಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನೋಟ ಮೂಗಿನಿಂದ ಒಮ್ಮೆ ಜಾರಿತು. ಅವಳ ಬಲಗಣ್ಣಿನ ರೆಪ್ಪೆಯಂಚಿನಲ್ಲಿ ಸಣ್ಣ ಮಚ್ಚೆಯಿತ್ತು.

"ಅದು ಮೂಗಲ್ಲ," ಎಂದಳು.

ಫ್ರೇಮು ತರಲು ಅವಳು ಕಪಾಟಿನ ಕಡೆ ನಡೆದಾಗ ಎಡಗಾಲು ತುಸು ಎಳೆಯುತ್ತಿತ್ತು. ಅವನು ಕೇಳಬಾರದಿತ್ತು, ಕೇಳಿದ.

"ಚಿಕ್ಕವಳಿದ್ದಾಗ ಮಳೇಲಿ ಸೇತುವೆ ಮೇಲೆ ಜಾರಿ ಬಿದ್ದೆ. ಯಾರೋ ಹುಡುಗ ಸೈಕಲ್ ಮೇಲೆ ಕೂರಿಸ್ಕೊಂಡು ಮನೆಗೆ ಬಿಟ್ಟ."

ದರ್ಜಿಯ ಮುಖದ ಬಣ್ಣ ಬದಲಾಯಿತು. "ನಿಮ್ಮ ಒಂದು ಬೂಟು ಹೊಳೆಗೆ ಬಿತ್ತು. ನೀವು ಅಳ್ತಾನೇ ಇದ್ರಿ. ನನ್ನ ಬೆನ್ನಿಗೆ ಮುಖ ಒತ್ಕೋ, ಮಳೆ ಹೊಡೆಯಲ್ಲ ಅಂದೆ."

"ಅಂದ್ರಾ? ನೀವಾ?"

"ನಾನೇ."

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. "ನಾನು ಮುಖಾನೇ ನೋಡಿರ್ಲಿಲ್ಲ. ಬೆನ್ನು ಮಾತ್ರ ಗೊತ್ತು."

"ತಿರುಗ್ಲಾ? ಗುರುತು ಹಿಡೀರಿ."

ಆಮೇಲೆ ಅವನು ಸಡಿಲವಾಗದ ಸ್ಕ್ರೂಗಳನ್ನು ಬಿಗಿ ಮಾಡಿಸಲು ಮತ್ತೆ ಮತ್ತೆ ಬಂದ. ಅವಳು ಬಿಗಿ ಮಾಡಿದಂತೆ ಮಾಡಿ ಆ ದಿನದ ಕಥೆ ಕೇಳಿದಳು. ಸದ್ದು ಮಾಡದ ಬೆಲ್ಲು, ಕಿರ್ ಎನ್ನುವ ಪೆಡಲು, ಸೇತುವೆಯ ತುದಿವರೆಗೂ ಓಡಿಬಂದ ಒದ್ದೆ ನಾಯಿ, ಎಲ್ಲ ಅವನ ಬಾಯಲ್ಲಿದ್ದವು. ನಾಯಿಯನ್ನು ಅವಳು ಮರೆತೇಬಿಟ್ಟಿದ್ದಳು. ತನ್ನದೇ ದಿನವನ್ನು ಅವನ ಮಾತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮರಳಿ ಪಡೆದಳು. ಹಾಗೆ ಪಡೆಯುತ್ತಾ ಅವನನ್ನು ಮದುವೆಯಾಗುವುದೆಂದೂ ನಿರ್ಧರಿಸಿದಳು.

ಮನೆಯವರಿಗೆ ಪರಿಚಯಿಸಲು ಅವನು ಅವಳನ್ನು ಹೊಲಿಗೆ ಅಂಗಡಿಗೆ ಕರೆತಂದ. ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ಅತ್ತಿಗೆ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು. ದರ್ಜಿ ಉತ್ಸಾಹದಿಂದ ಕಥೆ ಹೇಳಿದ. ಬೂಟು ಹೊಳೆಗೆ ಬೀಳುವಷ್ಟರಲ್ಲಿ ಅತ್ತಿಗೆಯ ಸೂಜಿ ನಿಂತಿತು.

"ಮರಿ, ಅದು ನಿಮ್ಮಣ್ಣನ ಕಥೆ ಅಲ್ವೇನೋ? ಮದುವೆಯಾದ ಹೊಸದರಲ್ಲಿ ನನ್ನ ಹತ್ರ ಕೊಚ್ಕೊಂಡಿದ್ರು."

"ಏನತ್ತಿಗೆ, ತಮಾಷೆ ಮಾಡೋಕೆ ಇವತ್ತೇ ಸಿಕ್ತಾ?"

ಅಣ್ಣ ಕತ್ತರಿ ಕೆಳಗಿಟ್ಟ. "ನಿನಗೆ ಆಗ ಟೈಫಾಯ್ಡ್ ಕಣೋ. ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಕಥೆ ಹೇಳು, ಕಥೆ ಹೇಳು ಅಂತ ದಿನಾ ಪ್ರಾಣ ತಿಂತಿದ್ದೆ. ನನ್ನ ಹತ್ರ ಇದ್ದದ್ದು ಅದೊಂದೇ."

ಅವಳು ಅಣ್ಣನ ಕಡೆ ತಿರುಗಿದಳು. "ಅವತ್ತು ಏನಾಯ್ತು, ಹೇಳಿ."

"ಬಿದ್ದಿದ್ರಿ. ಮನೆಗೆ ಬಿಟ್ಟೆ."

"ಬೂಟು?"

"ಬೂಟು ಬಿದ್ದಿತ್ತಾ?"

"ನಾಯಿ?"

ಅಣ್ಣ ಸೀಮೆಸುಣ್ಣ ಮೆತ್ತಿದ ಕೈಯಿಂದ ತಲೆ ಕೆರೆದುಕೊಂಡ. "ಇದ್ರೂ ಇರಬಹುದು. ಜ್ಞಾಪಕ ಇಲ್ಲಮ್ಮ."

ದರ್ಜಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ನಾನು ಸುಳ್ಳು ಹೇಳ್ಲಿಲ್ಲ. ಹ್ಯಾಂಡಲ್ ಎಷ್ಟು ತಣ್ಣಗಿತ್ತು ಅಂತ ಈ ಕೈಗೆ ಈಗ್ಲೂ ಗೊತ್ತು," ಎಂದು ಹೊರಗೆ ಹೋದ.

ನಿಷ್ಠೆಯಿಂದ ಕಿವಿಗೊಟ್ಟವರಿಗೆ ಹೀಗಾಗುವುದುಂಟು. ವನವಾಸದ ಪದ್ಯ ಕೇಳುತ್ತಾ ಕುಳಿತವರ ಕಾಲಿಗೂ ಮುಳ್ಳು ಚುಚ್ಚುತ್ತದೆ. ಆದರೆ ಇದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಅವನು ಕನ್ನಡಕದ ಅಂಗಡಿಯಿದ್ದ ಬೀದಿಯನ್ನೇ ಬಿಟ್ಟು ಸುತ್ತಿಬಳಸಿ ಓಡಾಡತೊಡಗಿದ.

ಕೊನೆಗೆ ಅವಳೇ ಬಂದಳು. ಅವನು ಮಿಷಿನ್ನಿನಿಂದ ತಲೆಯೆತ್ತಲಿಲ್ಲ.

"ನಿಮ್ಮನ್ನ ಮನೆಗೆ ಬಿಟ್ಟಿದ್ದು ಅಣ್ಣ. ನೀವು ಮೆಚ್ಚಿದ್ದೂ ಅವನನ್ನೇ. ನಾನು ಸುಮ್ನೆ ಮಧ್ಯೆ ಬಂದವನು."

"ನಿಮ್ಮಣ್ಣನಿಗೆ ಹೆಂಡತಿ ಇದ್ದಾರೆ. ನಾನಲ್ಲಿ ಹೋಗಿ ಏನ್ಮಾಡ್ಲಿ?"

ಒಳಕೋಣೆಯಿಂದ ಅತ್ತಿಗೆ ಕೆಮ್ಮಿದರು.

"ಅವರಿಗೆ ಆದದ್ದನ್ನ ಅವರು ಮರೆತ್ರು," ಎಂದು ಅವಳು ದನಿ ತಗ್ಗಿಸಿದಳು. "ನಾನೂ ಅರ್ಧ ಮರೆತಿದ್ದೆ. ಅದು ಆಗದೇ ಇದ್ದದ್ದು ನಿಮಗೆ, ನೀವೇ ಜೋಪಾನ ಮಾಡಿದ್ರಿ. ಈಗ ಇನ್ನೊಂದ್ಸಲ ಹೇಳಿ. ಯಾರು ಎಲ್ಲಿದ್ರೋ ಹಾಗೆ."

ಅವನು ಮಿಷಿನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದ.

"ಅವತ್ತು ಮಳೇಲಿ ನಾನು…" ತಡವರಿಸಿದ. "ನಮ್ಮಣ್ಣ ಸೈಕಲ್ ಮೇಲೆ ಬರ್ತಿದ್ದ. ಸೇತುವೆ ಮೇಲೆ ಒಬ್ಳು ಹುಡುಗಿ ಬಿದ್ದಿದ್ಲು. ನಾನು ಇಳಿದು…"

"ಇಳಿದದ್ದು ಯಾರು?"

"ಅಣ್ಣ."

ಒಂದೊಂದೇ ಹೊಲಿಗೆ ಬಿಚ್ಚುವಂತೆ ಅವನು ಆ ದಿನದಿಂದ ತನ್ನನ್ನು ಬಿಡಿಸಿಕೊಂಡ. ಹುಡುಗಿ ಮನೆ ಸೇರಿದಳು. ಕಥೆ ಮುಗಿಯಬೇಕಿತ್ತು, ಅವನು ನಿಲ್ಲಿಸಲಿಲ್ಲ.

"ನಾನು ಹಾಸಿಗೇಲಿದ್ದೆ. ಅಣ್ಣ ಹೇಳಿ ಮುಗಿಸಿ ಆಟಕ್ಕೆ ಓಡ್ತಿದ್ದ. ನಾನೊಬ್ನೇ ಗೋಡೆ ನೋಡ್ತಾ ಮಲಗಿರ್ತಿದ್ದೆ. ಇಲ್ಲೊಬ್ಬ ಅವಳನ್ನೇ ನೆನೆಸ್ಕೊಂಡು ಮಲಗಿದಾನೆ ಅಂತ ಆ ಹುಡುಗಿಗೆ ಗೊತ್ತೇ ಇಲ್ವಲ್ಲ ಅಂತ ಅಳು ಬರ್ತಿತ್ತು."

ಅದು ಅವನದೇ ನೆನಪೋ, ಹೇಳುತ್ತಿರುವಾಗ ಹುಟ್ಟಿದ್ದೋ, ಅವಳು ವಿಚಾರಿಸಲಿಲ್ಲ.

"ಈಗ ಗೊತ್ತಾಯ್ತಲ್ಲ," ಎಂದಳು.