ಕಚ್ಚಿಟ್ಟ ರೊಟ್ಟಿ

ಬೆಟ್ಟದೂರು ಅರ್ಸ್ಲಾನ್‌ಬಾಬ್‌ನ ಅಕ್ರೋಟು ಕಾಡಿನಲ್ಲಿ ಪ್ರತಿ ವರ್ಷ ಕಾಯಿ ಉದುರಿಸಲು ಹತ್ತಿದ ಯಾರಾದರೊಬ್ಬರು ಮರದಿಂದ ಬೀಳುತ್ತಾರೆ. ಹಾಗಾಗಿ ಹಳದಿ ಎಲೆಗಳ ನಡುವೆ ಕೈಕಾಲು ಚೆಲ್ಲಿ ಅಂಗಾತ ಬಿದ್ದಿದ್ದ ಗಂಡಸನ್ನು ಕಂಡಾಗ ಸನೋಬರ್ ಹಿಂದೆಮುಂದೆ ನೋಡಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ಕೈಯಲ್ಲಿದ್ದ ಬಾಟಲಿಯ ನೀರನ್ನೆಲ್ಲ ಅವನ ಮುಖಕ್ಕೆ ಸುರಿದೇಬಿಟ್ಟಳು.

"ಅಯ್ಯಯ್ಯೋ! ಕ್ಯಾಮೆರಾ! ಕ್ಯಾಮೆರಾ!" ಎಂದು ಹೆಣ ಎದ್ದು ಕೂತಿತು.

"ಬದುಕಿದ್ದೀರಾ?"

"ಈ ಕ್ಷಣದವರೆಗೂ ಚೆನ್ನಾಗೇ ಇದ್ದೆ."

ಅವನು ಅಂಗಿಯ ತುದಿಯಿಂದ ಕ್ಯಾಮೆರಾ ಒರೆಸತೊಡಗಿದ. ಮೂಗಿನ ತುದಿಯಲ್ಲೊಂದು ಹನಿ, ಗಡ್ಡಕ್ಕೆ ಅಂಟಿದ ಎಲೆಯೊಂದು. ಸನೋಬರ್‌ಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದಳು.

"ಮರದಿಂದ ಬಿದ್ರಿ ಅಂದ್ಕೊಂಡೆ."

"ಮರದ ಫೋಟೋ ತೆಗೀತಿದ್ದೆ. ಇಲ್ಲಿ ಮಲಗಿದ್ರೆ ಆಕಾಶಕ್ಕೆ ಯಾರೋ ಅರಿಶಿನ ಹಚ್ಚಿದ ಹಾಗೆ ಕಾಣುತ್ತೆ. ಬೇಕಿದ್ರೆ ನೀವೂ ಮಲಗಿ ನೋಡಿ."

"ಚೆನ್ನಾಗಿದೆ! ಆಮೇಲೆ ಊರಿನವರು ಬಂದು ನನ್ನ ಮುಖಕ್ಕೆ ನೀರು ಸುರೀಲಿ ಅಂತಾನಾ?"

ಅವನ ಹೆಸರು ಎಲ್‌ಮುರಾದ್. ಓಶ್ ಪಟ್ಟಣದ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಶಾಲೆಗೆ ಶರತ್ಕಾಲದ ರಜೆ ಸಿಕ್ಕಿದ್ದೇ ತಡ, ಕ್ಯಾಮೆರಾ ಹೆಗಲಿಗೇರಿಸಿ ಬಂದಿದ್ದ. ಸನೋಬರ್‌ಳ ಮನೆಯಲ್ಲೇ ಐದು ದಿನ ಅತಿಥಿ. ಬಸ್ಸಿಳಿದವನು ಮನೆಗೂ ಬಾರದೆ ನೇರ ಕಾಡಿಗೆ ನುಗ್ಗಿದ್ದರಿಂದ, ಅವನನ್ನು ಹುಡುಕಿ ತರಲು ಅಮ್ಮ ಮಸ್ತೂರಾ ಮಗಳನ್ನು ಅಟ್ಟಿದ್ದಳು.

"ನನಗೆ ಬೇಕಾಗಿರೋದು ಒಂದೇ ಚಿತ್ರ," ಎಂದ ಅವನು ದಾರಿಯಲ್ಲಿ. "ಎಲೆ ಎಲ್ಲಾ ಒಟ್ಟಿಗೆ ಉದುರುತ್ತಂತಲ್ಲ, ಆ ಬೆಳಗು."

"ಅದು ಹೇಳಿ ಕೇಳಿ ಬರಲ್ಲ ಮೇಷ್ಟ್ರೇ. ಗಟ್ಟಿಯಾಗಿ ಒಂದು ರಾತ್ರಿ ಹಿಮ ಕಟ್ಟಬೇಕು. ಮಾರನೇ ಬೆಳಿಗ್ಗೆ ಬಿಸಿಲು ತಾಗಿದ್ದೇ ತಡ, ಗಾಳಿ ಇಲ್ದೇನೆ ಬೀಳುತ್ತೆ. ಮಧ್ಯಾಹ್ನದ ಹೊತ್ತಿಗೆ ಮರ ಬೋಳು."

"ಐದು ದಿನದಲ್ಲಿ ಬರುತ್ತಾ?"

"ಬರದಿದ್ರೆ ಏನು ಮಾಡ್ತೀರಾ? ಮರಕ್ಕೆ ಹಾಜರಿ ಕರೀತೀರಾ?"

ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಅದನ್ನು ನೋಡಬಾರದಿತ್ತು ಎಂದು ಸನೋಬರ್‌ಗೆ ಆಮೇಲೆ ಅನಿಸಿತು.

ಅನಿಸಲು ಕಾರಣವಿತ್ತು. ಅವಳ ಮನೆಯ ನಡುಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಯಲ್ಲಿ ದಾರ ಕಟ್ಟಿ ತೂಗುಬಿಟ್ಟ ಒಂದು ದುಂಡು ರೊಟ್ಟಿ. ದೂರ ಹೊರಟವನು ಬಾಗಿಲಲ್ಲಿ ನಿಂತು ಹೊಸ ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದು ಅವನ ಋಣ. ಅವನು ತಿರುಗಿ ಬಂದು ತಾನೇ ತಿಂದು ಮುಗಿಸುವವರೆಗೆ ಅದು ಗೋಡೆಯಲ್ಲಿ ಕಾಯುತ್ತದೆ. ಈ ರೊಟ್ಟಿ ಕಚ್ಚಿ ಹೋದವನು ಸನೋಬರ್‌ಳಿಗೆ ಗೊತ್ತುಮಾಡಿದ್ದ ಜಾಹಿದ್. ರಷ್ಯಾಕ್ಕೆ ಗಾರೆ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅಲ್ಲೇ ಮದುವೆಯಾಗಿ ಮಗುವಾಗಿರುವುದು ಊರಿಗೆಲ್ಲ ಗೊತ್ತಿತ್ತು. ರೊಟ್ಟಿಗೆ ಮಾತ್ರ ಗೊತ್ತಿರಲಿಲ್ಲ.

"ಇಳಿಸಿಬಿಡಮ್ಮ," ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

"ಅವನು ಏನೇ ಮಾಡಿರ್ಲಿ, ಅವನಿಗೂ ಒಬ್ಬ ತಾಯಿ ಇದ್ದಾಳೆ," ಎನ್ನುತ್ತಿದ್ದಳು ಮಸ್ತೂರಾ. "ದಾರಿ ಮೇಲಿರೋನ ರೊಟ್ಟಿ ಇಳಿಸಿ ಅವನಿಗೆ ಏನಾದ್ರೂ ಆದ್ರೆ? ಆ ಪಾಪ ನಮಗ್ಯಾಕೆ?"

ಹೆಣ್ಣು ಕೇಳಲು ಬಂದವರು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಹುಡುಗಿಯನ್ನು. ಇನ್ನೊಬ್ಬನ ಋಣ ಗೋಡೆಯಲ್ಲಿ ತೂಗುವಾಗ ಯಾರು ತಾನೇ ಮಾತೆತ್ತುತ್ತಾರೆ? ಚಹಾ ಕುಡಿದು, ಅಕ್ರೋಟಿನ ಬೆಳೆ ವಿಚಾರಿಸಿ, ಎದ್ದು ಹೋಗುತ್ತಿದ್ದರು. ಸನೋಬರ್‌ಗೆ ಇಪ್ಪತ್ತಾರು ತುಂಬಿತ್ತು. ಆ ಮೊಳೆಯಲ್ಲಿ ತೂಗುತ್ತಿರುವುದು ರೊಟ್ಟಿಯಲ್ಲ, ತಾನೇ ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು.

ಎರಡನೆಯ ದಿನ, ಮೂರನೆಯ ದಿನ ಅವಳೇ ಅವನಿಗೆ ಕಾಡು ತೋರಿಸಿದಳು. ಕಾಡುಸೇಬಿನ ಕೆಂಪು, ಮೇಪಲ್ ಮರದ ಕಿತ್ತಳೆ, ತೊರೆಯ ಪಕ್ಕದ ಮುಳ್ಳುಪೊದೆಯಲ್ಲಿ ರಕ್ತದ ಹನಿಯಂಥ ಹಣ್ಣು. ಅವನು ಒಂದೊಂದು ಎಲೆಗೂ ಮಂಡಿಯೂರುತ್ತಿದ್ದ, ಉಸಿರು ಹಿಡಿಯುತ್ತಿದ್ದ, ಆಮೇಲೆ ಪುಟ್ಟ ಪರದೆಯನ್ನು ಅವಳ ಮುಂದೆ ಹಿಡಿದು "ಹೇಗಿದೆ?" ಎಂದು ಕೇಳುತ್ತಿದ್ದ. ತಲೆಗೆ ತಲೆ ತಾಗುವಷ್ಟು ಹತ್ತಿರ ಬಾಗಬೇಕಾಗುತ್ತಿತ್ತು. ಅವಳು ಬಾಗುತ್ತಿದ್ದಳು. ಚಿತ್ರ ಕಾಣುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು.

"ಕೈ ಯಾಕೆ ಅಂಗಿ ತೋಳಿನೊಳಗೆ ಬಚ್ಚಿಟ್ಕೊಂಡಿದ್ದೀರಾ? ಚಳಿನಾ?"

"ಚಳಿ ಅಲ್ಲ. ಕಪ್ಪು." ಅವಳು ನಾಚಿದಳು. ಎರಡು ತಿಂಗಳು ಅಕ್ರೋಟಿನ ಹಸಿ ಸಿಪ್ಪೆ ಸುಲಿದ ಕೈ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಂದುಗಪ್ಪು. ಯಾವ ಸೋಪಿಗೂ ಬಗ್ಗದ ಬಣ್ಣ ಅದು, ಹಿಮ ಬೀಳುವ ಕಾಲಕ್ಕೇ ಹೋಗುವುದು.

"ತೋರಿಸಿ."

"ಬೇಡ."

"ಕಾಡಿನ ಬಣ್ಣ ಎಲ್ಲಾ ತೆಗೆದೆ. ಇದೊಂದು ಬಾಕಿ ಇದೆ."

ಅವಳು ನಿಧಾನವಾಗಿ ಕೈ ಹೊರಚಾಚಿದಳು. ಅವನು ಒಂದು ಹಳದಿ ಎಲೆಯನ್ನು ಆ ಅಂಗೈ ಮೇಲಿಟ್ಟ. ಇಡುವಾಗ ಬೆರಳು ತಾಗಿತು. ಕ್ಲಿಕ್ ಎಂಬ ಸದ್ದು ಬರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸನೋಬರ್ ಯಾರನ್ನೂ ಕೇಳದೆ ಮೊಳೆಯಿಂದ ರೊಟ್ಟಿ ಇಳಿಸಿದಳು. ಧೂಳು ಒರೆಸುವ ನೆಪ. ಒರೆಸಿದ ಮೇಲೆ ಮತ್ತೆ ತೂಗುಹಾಕಲು ಕೈ ಬರಲಿಲ್ಲ, ಹಕ್ಕಿಗೆ ಚೂರು ಮಾಡಿ ಹಾಕಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡು ಓಡಿತು. ಊಟಕ್ಕೆ ಹಾಸಿದ ಬಟ್ಟೆಯ ಮೇಲೆ ರೊಟ್ಟಿಯನ್ನಿಟ್ಟು ಅವಳೂ ಓಡಿದಳು. ಅಪ್ಪ ಅಕ್ರೋಟು ಮಾರಲು ಸಂತೆಗೆ ಹೋಗಿದ್ದ, ಅಮ್ಮ ಮತ್ತು ಅಜ್ಜಿ ಪಕ್ಕದ ಮನೆಗೆ ಹೋಗಿದ್ದರು.

ಮೂವರೂ ಒಟ್ಟಿಗೇ ಹಿಂತಿರುಗಿದಾಗ ಎಲ್‌ಮುರಾದ್ ಚಕ್ಕಳಮಕ್ಕಳ ಹಾಕಿ ಕೂತು, ಕೊನೆಯ ಚೂರನ್ನು ಚಹಾದ ಬಟ್ಟಲಲ್ಲಿ ಅದ್ದಿ ಬಾಯಿಗಿಡುತ್ತಿದ್ದ.

"ಅಯ್ಯೋ ನನ್ನ ಕರ್ಮವೇ!" ಮಸ್ತೂರಾ ಬಾಗಿಲಲ್ಲೇ ಕುಸಿದಳು. "ರೊಟ್ಟಿ! ಆ ರೊಟ್ಟಿ ತಿಂದ್ಬಿಟ್ಯೇನಪ್ಪಾ?"

ಎಲ್‌ಮುರಾದ್ ಬೆಚ್ಚಿದ. "ತಪ್ಪಾಯ್ತಾ ಅಮ್ಮ? ಹಸಿವಾಗಿತ್ತು. ಹೊಸ ರೊಟ್ಟಿ ಇತ್ತು, ಆದ್ರೆ ಹಿರಿಯರಿಲ್ಲದಾಗ ಇಡೀ ರೊಟ್ಟಿ ಮುರಿಯೋದು ಹೇಗೆ? ಇದು ಯಾರೋ ತಿಂದು ಬಿಟ್ಟಿದ್ದು ಅಂತ... ಒಣ ರೊಟ್ಟಿ ಹಾಳು ಮಾಡ್ಬಾರದಲ್ಲ. ನೆನೆಯೋಕೆ ಎರಡು ಕೆಟಲ್ ಚಹಾ ಬೇಕಾಯ್ತು."

ಇಷ್ಟು ದಿನ ಅತಿಥಿ ಕೋಣೆಯಲ್ಲೇ ಉಂಡಿದ್ದವನ ಕಣ್ಣು ಈಗ ಗೋಡೆಯ ಖಾಲಿ ಮೊಳೆಗೆ, ದಾರಕ್ಕೆ ಹೋಯಿತು. ಮುಖ ಸುಣ್ಣದಂತಾಯಿತು. "ದೇವರೇ. ನಮ್ಮನೇಲೂ ಅಣ್ಣನದೊಂದು ತೂಗ್ತಿತ್ತು. ಮೊಳೆ ಮೇಲಿದ್ದಿದ್ರೆ ಮುಟ್ತಿದ್ನಾ ನಾನು? ಯಾರದ್ದು ಇದು?"

ಮಸ್ತೂರಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಜ್ಜಿಯ ಬೊಚ್ಚು ಬಾಯಿಂದ ಕುಲುಕುಲು ನಗು ಹೊರಟಿತು. "ನಾಲ್ಕು ವರ್ಷದ ಕಲ್ಲು! ಅರಗಿಸ್ಕೊಂಡ ಗಂಡು ಇವನೇ ನೋಡು. ಮಸ್ತೂರಾ, ಅಳ್ಬೇಡ್ವೇ. ರೊಟ್ಟಿ ಮುಗಿಸೋನು ಯಾರು? ಬಂದೋನು. ಇವನು ಮುಗಿಸಿದ. ಹಾಗಾದ್ರೆ ಬಂದಿರೋನು ಇವನೇ."

"ಏನು ಮಾತು ಅಂತ ಆಡ್ತೀರಾ ಅತ್ತೆ!"

"ಇದ್ದದ್ದು ಹೇಳಿದೆ. ಎರಡೂ ಮನೆಯ ಹಿರಿಯರು ಕೂತು ರೊಟ್ಟಿ ಮುರಿದ್ರೇನೇ ನಿಶ್ಚಿತಾರ್ಥ. ಆ ಜಾಹಿದನ ಮನೆಯೋರು ಮುರಿದೇ ಇರ್ಲಿಲ್ಲ, ಬರೀ ಕಚ್ಚಿಸಿ ಕಳಿಸಿದ್ರು."

ಸನೋಬರ್ ನಗತೊಡಗಿದಳು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಅದೂ ನಿಲ್ಲಲಿಲ್ಲ. ನಾಲ್ಕು ವರ್ಷದ ಭಾರವನ್ನು ಒಬ್ಬ ಹಸಿದ ಮೇಷ್ಟ್ರು ಚಹಾದಲ್ಲಿ ಅದ್ದಿ ತಿಂದುಬಿಟ್ಟಿದ್ದ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಎಲ್‌ಮುರಾದ್ ಅವಳನ್ನೇ ನೋಡುತ್ತಿದ್ದ. ಅವನ ನೋಟದಲ್ಲಿ ಈಗ ತಪ್ಪಿತಸ್ಥನ ಗಾಬರಿಗಿಂತ ಬೇರೇನೋ ಇತ್ತು.

ಅಂದು ಸಂಜೆ ಆಕಾಶ ಸ್ವಚ್ಛವಾಗಿ, ಚಳಿ ಕಚ್ಚತೊಡಗಿತು. ಐದನೆಯ ಬೆಳಿಗ್ಗೆ ಅಂಗಳದ ಬಕೆಟ್ಟಿನಲ್ಲಿ ನೀರು ಗಾಜಾಗಿತ್ತು. ತಂದೂರಿ ಒಲೆಯಿಂದ ಮೊದಲ ರೊಟ್ಟಿ ತೆಗೆದ ಸನೋಬರ್ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಅತಿಥಿಯ ಬಾಗಿಲು ಬಡಿದಳು.

"ಮೇಷ್ಟ್ರೇ, ಏಳಿ! ಎಲೆ ಬೀಳೋ ಬೆಳಗು ಬಂತು!"

ಕಾಡಿನ ಅತಿ ದೊಡ್ಡ ಮರದಡಿ ಅವರು ನಿಂತಾಗ ಬಿಸಿಲು ನೆತ್ತಿಯ ಕೊಂಬೆಗಳನ್ನು ಮುಟ್ಟಿತ್ತಷ್ಟೆ. ಒಂದು ಎಲೆ ಬಿತ್ತು. ಆಮೇಲೆ ಹತ್ತು. ಆಮೇಲೆ ಲೆಕ್ಕವಿಲ್ಲ. ಗಾಳಿಯ ಸುಳಿವಿಲ್ಲ, ಆದರೂ ಕಾಡೆಲ್ಲ ಸರಸರ ಎನ್ನುತ್ತಿತ್ತು. ಹಳದಿ ಎಲೆಗಳು ಅವಳ ತಲೆವಸ್ತ್ರದ ಮೇಲೆ, ಅವನ ಹೆಗಲ ಮೇಲೆ, ಇಬ್ಬರ ನಡುವಿನ ಎರಡು ಹೆಜ್ಜೆ ಜಾಗದಲ್ಲಿ ಸುರಿದವು. ಅವನು ಮೊದಮೊದಲು ಹುಚ್ಚನಂತೆ ಫೋಟೋ ತೆಗೆದ. ಆಮೇಲೆ ಕ್ಯಾಮೆರಾ ಇಳಿಸಿ ಸುಮ್ಮನೆ ನಿಂತ.

"ಯಾಕೆ ನಿಲ್ಲಿಸಿದ್ರಿ?"

"ಕ್ಯಾಮೆರಾ ಹಿಡಿದ್ರೆ ನಿಮ್ಮನ್ನ ನೋಡೋಕೆ ಒಂದೇ ಕಣ್ಣು ಸಿಗುತ್ತೆ."

ಮಧ್ಯಾಹ್ನ ಅವನ ಬಸ್ಸು. ಈಗ ಹೇಳದಿದ್ದರೆ ಇನ್ನು ಯಾವಾಗ? ಅವಳು ಶಾಲು ಬಿಚ್ಚಿ, ಬಿಸಿಯಾರದ ರೊಟ್ಟಿಯನ್ನು ಎರಡೂ ಕಪ್ಪು ಕೈಗಳಲ್ಲಿ ಮುಂದೆ ಹಿಡಿದಳು.

"ಕಚ್ಚಿ," ಎಂದಳು. "ಈ ಸಲ ನಾನೇ ಮನಸಾರೆ ತೂಗುಹಾಕ್ತೀನಿ. ಎಷ್ಟು ದಿನ ಆದ್ರೂ ಕಾಯ್ತೀನಿ."

ಎಲ್‌ಮುರಾದ್ ರೊಟ್ಟಿಯನ್ನು ತೆಗೆದುಕೊಂಡ, ಮೂಸಿದ. ಕಚ್ಚಲಿಲ್ಲ.

"ಇಲ್ಲ," ಎಂದ. "ಕಚ್ಚಲ್ಲ."

ಅವಳು ತಲೆ ತಗ್ಗಿಸಿ ಕೈಗಳನ್ನು ಮತ್ತೆ ತೋಳಿನೊಳಗೆ ಎಳೆದುಕೊಂಡಳು.

"ಕೈ ಒಳಗೆ ಹಾಕ್ಬೇಡಿ, ಪೂರ್ತಿ ಕೇಳಿ," ಎಂದ ಅವನು ಅವಸರವಾಗಿ. "ವರ್ಷಗಟ್ಟಲೆ ಕಾದು ಕೂತ ರೊಟ್ಟಿ ಹೇಗಿರುತ್ತೆ ಅಂತ ನಾನು ತಿಂದು ನೋಡಿದ್ದೀನಿ. ಹಲ್ಲು ಇನ್ನೂ ನೋಯ್ತಿದೆ. ನೀವು ಮತ್ತೆ ಮೊಳೆ ನೋಡ್ತಾ ಕೂರೋದು ಬೇಡ. ಬರೋ ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ನಿಮ್ಮಪ್ಪನೂ ಅಷ್ಟರಲ್ಲಿ ಅಕ್ರೋಟು ಮಾರಿ ಸಂತೆಯಿಂದ ಬಂದಿರ್ತಾರಲ್ಲ. ಕಚ್ಚೋ ರೊಟ್ಟಿ ಅಲ್ಲ, ಮುರಿಯೋ ರೊಟ್ಟಿ ತರ್ತೀವಿ. ನೀವು ಹೂಂ ಅಂದ್ರೆ."

ಸನೋಬರ್ ಕಣ್ಣೆತ್ತಿದಳು. ಗುಳಿಯ ಕೆನ್ನೆ ಭಯದಿಂದ ಬಿಳಿಚಿತ್ತು. ಪಾಪ, ಪರೀಕ್ಷೆಗೆ ಕೂತ ಮೇಷ್ಟ್ರು.

"ಹೂಂ," ಎಂದಳು. ಅವನ ಕೈಯತ್ತ ಬೊಟ್ಟು ಮಾಡಿ, "ಹಾಗಾದ್ರೆ ಈ ರೊಟ್ಟಿ?"

"ಹಸಿವಾಗ್ತಿದೆ. ಆದ್ರೆ ಮುರಿಯೋಕೆ ಇಲ್ಲಿ ಹಿರಿಯರು ಯಾರಿದ್ದಾರೆ?"

ಅವಳು ತಲೆಯೆತ್ತಿ ಮರವನ್ನು ನೋಡಿದಳು. ಅವಳ ಅಜ್ಜಿಯ ಅಜ್ಜಿ ಇದರಡಿ ಕಾಯಿ ಆರಿಸಿದ್ದಳಂತೆ.

"ಇವರಿದ್ದಾರಲ್ಲ," ಎಂದಳು.

ಮರದ ಬುಡಕ್ಕೆ ರೊಟ್ಟಿಯನ್ನು ಮುಟ್ಟಿಸಿ, ಅವನೊಂದು ಅಂಚು ಹಿಡಿದ, ಅವಳೊಂದು ಅಂಚು. ಅದು ಎರಡಾಯಿತು.

ಮಧ್ಯಾಹ್ನ ಬಸ್ಸು ಹತ್ತಿಸಿ ಬಂದಾಗ ಮಸ್ತೂರಾ ಹೊಸ ದಾರ ಹಿಡಿದು ಮೊಳೆಯ ಪಕ್ಕ ಕಾಯುತ್ತಿದ್ದಳು. ಒಲೆಯಿಂದ ಮೊದಲ ರೊಟ್ಟಿ ಮಾಯವಾದದ್ದನ್ನು ಅವಳು ನೋಡದಿರುತ್ತಾಳೆಯೇ?

"ಎಲ್ಲೇ? ಕಚ್ಚಿದ್ನಾ? ತಾ ಇಲ್ಲಿ, ಕಟ್ಟೋಣ."

ಸನೋಬರ್ ಶಾಲು ಕೊಡವಿದಳು. ಒಂದು ಹಳದಿ ಎಲೆ, ರೊಟ್ಟಿಯ ನಾಲ್ಕು ಚೂರು ಬಿದ್ದವು.

"ಕಟ್ಟೋಕೆ ಏನೂ ಉಳಿದಿಲ್ಲಮ್ಮ," ಎಂದಳು. "ಇಬ್ಬರೂ ಸೇರಿ ತಿಂದ್ಬಿಟ್ವಿ."

ಮೂಲೆಯಿಂದ ಅಜ್ಜಿ ಕೂಗಿದಳು, "ಆ ಮೊಳೆ ಕಿತ್ತು ಈಕಡೆ ಕೊಡ್ರೇ. ಭಾನುವಾರಕ್ಕೆ ಬಾಗಿಲ ಚಿಲಕ ಸರಿ ಮಾಡ್ಬೇಕು, ನೆಂಟರು ಬರ್ತಾರೆ."