ಸೊನ್ನೆ ಬರೆದ ದಿನಗಳು

"ಆ ಲೈಟ್ ಆರಿಸ್ತೀರಾ... ದಯವಿಟ್ಟು."

ಅಲ್ಮಾಸ್ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕೇಳಿದಳು. ಎದುರಿಗಿದ್ದವನು ಯಾರೆಂದು ಅವಳಿನ್ನೂ ಸರಿಯಾಗಿ ನೋಡಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಎಡಗಣ್ಣಿನ ಹಿಂದೆ ಮೊಳೆ ಹೊಡೆದ ಹಾಗೆ ಚುಚ್ಚುತ್ತಿತ್ತು.

ಸ್ವಿಚ್ಚಿನ ಸದ್ದಾಯಿತು. ಅವನು ಎದ್ದು ಕಿಟಕಿಯ ಪರದೆ ಎಳೆದ. ತನ್ನ ಕುರ್ಚಿಯನ್ನು ಎಳೆದಾಡದೆ, ಎತ್ತಿ ಮೆಲ್ಲಗೆ ಇಟ್ಟುಕೊಂಡ.

"ಇವತ್ತು ಪ್ರಶ್ನೆ ಬೇಡ," ಎಂದ ದನಿ ತಗ್ಗಿಸಿ. "ವಾಂತಿ ಬಂದ್ರೆ ಬಕೆಟ್ ನಿಮ್ಮ ಬಲಗಡೆ ಇದೆ. ನಿಮಗೆ ಸಾಕು ಅನ್ನಿಸೋವರೆಗೂ ಹೀಗೇ ಕೂತಿರಿ."

ಅವಳಿಗೆ ಅಳು ಬಂತು. 'ಮತ್ತೆ ತಲೆನೋವಾ?' ಎಂದು ಅವನು ಕೇಳಲಿಲ್ಲ. 'ಬಿಸಿಲಲ್ಲಿ ಓಡಾಡಬೇಡ ಅಂದಿರಲಿಲ್ವಾ' ಅನ್ನಲಿಲ್ಲ. ಸುಮ್ಮನೆ ನಂಬಿದ. ಅವಳ ಇಪ್ಪತ್ತೇಳು ವರ್ಷದ ಬದುಕಿನಲ್ಲಿ ಆ ನೋವನ್ನು ಯಾರಾದರೂ ಹೀಗೆ ನಂಬಿದ್ದು ಅದೇ ಮೊದಲು.

ಅವನ ಹೆಸರು ಫೈಸಲ್. ಕೆ.ಆರ್. ನಗರದವನು, ಫಿಸಿಯೋಥೆರಪಿಸ್ಟ್. ಮೈಸೂರಿನ ವೈದ್ಯರ ತಂಡವೊಂದು ಮೈಗ್ರೇನ್ ಬಗ್ಗೆ ಸಂಶೋಧನೆ ನಡೆಸುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ನೋವಿನವರಲ್ಲಿ ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಉಳಿದರ್ಧ ಜನಕ್ಕೆ ಅದರ ಜೊತೆಗೆ ನಿಧಾನ ಉಸಿರಾಟ, ಕುತ್ತಿಗೆಯ ವ್ಯಾಯಾಮ, ಊಟಕ್ಕೂ ನಿದ್ದೆಗೂ ತಪ್ಪದ ಹೊತ್ತು. ಮೂರು ತಿಂಗಳು. ಅಲ್ಮಾಸ್ ಈ ಎರಡನೇ ಗುಂಪಿಗೆ ಬಿದ್ದಿದ್ದಳು. ಹುಣಸೂರಿನ ಬಾಡಿಗೆ ಕೋಣೆಯೊಂದರಲ್ಲಿ ಪ್ರತಿ ಬುಧವಾರ ಫೈಸಲ್ ಕಲಿಸುತ್ತಿದ್ದ.

"ದಿನಾ ಡೈರಿ ಬರೀಬೇಕು," ಎಂದು ಮುಂದಿನ ವಾರ ಹೇಳಿದ. "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ನೋವಿನ ಮಾತ್ರೆ ಎಷ್ಟು ತಗೊಂಡ್ರಿ, ಅಷ್ಟೇ. ನೋವು ಬರದ ಹಾಗೆ ಡಾಕ್ಟರ್ ಕೊಟ್ಟಿರೋ ದಿನದ ಮಾತ್ರೆ ಮಾತ್ರ ಯಾರೂ ನಿಲ್ಲಿಸಬಾರದು."

ಇಬ್ಬರ ಮನೆಮಾತೂ ಉರ್ದು. ಆದರೆ ಫಾರಂ ಇದ್ದದ್ದು ಕನ್ನಡದಲ್ಲಿ, ಹಾಗಾಗಿ ಮಾತೂ ಕನ್ನಡಕ್ಕೇ ಅಂಟಿಕೊಂಡಿತು.

ಅಲ್ಮಾಸಳ ಅಬ್ಬಾ ಶಕೀಲ್ ಸಾಬರದು ಪೀಠೋಪಕರಣದ ಕಾರ್ಖಾನೆ. ಅವರು ಮರ ಕೊಯ್ದು ಸೋಫಾ ಮಾಡಿದರೆ, ಅದಕ್ಕೆ ಬಟ್ಟೆ ಹೊಲಿಯುವವಳು ಅಲ್ಮಾಸ್. ಗರಗಸದ ಯಂತ್ರ ಕಿರುಚಿದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಎರಡು ವರ್ಷದ ಹಿಂದೆ ಪಿರಿಯಾಪಟ್ಟಣದಿಂದ ಹೆಣ್ಣು ನೋಡಲು ಬಂದ ದಿನವೇ ನೋವು ಬಂದು, ಅವಳು ಕೋಣೆಯಿಂದ ಹೊರಗೇ ಬಂದಿರಲಿಲ್ಲ. 'ಹುಡುಗಿಗೆ ಏನೋ ಕಾಯಿಲೆ' ಎಂದು ಅವರು ಎದ್ದು ಹೋದರು. ಅಂದಿನಿಂದ ಅಮ್ಮಿ ಫಾತಿಮುನ್ನೀಸಾ ಒಂದೇ ಮಾತು ಹೇಳುತ್ತಿದ್ದರು: "ಹೊರಗೆ ಯಾರ ಹತ್ರಾನೂ ಹೇಳ್ಬೇಡ ಬೇಟಿ."

ನೋವು ಮುಚ್ಚಿಡುವುದು ಅವಳಿಗೆ ಅಲ್ಲಿಂದಲೇ ಅಭ್ಯಾಸವಾಗಿತ್ತು.

ಮೂರನೇ ವಾರ ಡೈರಿಯಲ್ಲಿ ಸತತ ಮೂರು ಸೊನ್ನೆ ಬಂದವು. ಆ ಮೂರೂ ನಿಜ. ಫೈಸಲ್ ಹಾಳೆ ತಿರುವಿ ತಲೆಯೆತ್ತಿದ. ಅವನ ಮುಖ ಅರಳಿದ ಬಗೆ... ಅವಳು ಮನೆ ತಲುಪುವವರೆಗೂ ಕಣ್ಣ ಮುಂದೆಯೇ ಇತ್ತು.

"ನಮ್ಮ ಅಮ್ಮಿಗೂ ಇದೇ ನೋವು," ಎಂದ. "ಚಿಕ್ಕಂದಿನಿಂದ ನೋಡಿದ್ದೀನಿ. ನಿಮ್ಮ ಡೈರಿ ನೋಡಿದ್ರೆ ನಂಗೇ ಧೈರ್ಯ ಬರುತ್ತೆ."

ಮುಂದಿನ ಮಂಗಳವಾರ ನೋವು ಏಳಕ್ಕೇರಿತು. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಏಳು ಅಂತ ಬರೆದರೆ ಆ ಮುಖ ಬಾಡುತ್ತದಲ್ಲ... ಎರಡು ಎಂದು ಬರೆದಳು. ಅದರ ಮುಂದಿನ ವಾರ, ಸೊನ್ನೆ.

ಒಂದು ಸುಳ್ಳು ಬರೆದ ಮೇಲೆ ಅದನ್ನು ಕಾಯುವುದೇ ಕೆಲಸವಾಯಿತು. ಬುಧವಾರ ನಗುನಗುತ್ತಾ ಹೋಗಬೇಕೆಂದು ಬೆಳಗ್ಗೆಯೇ ಎರಡು ನೋವಿನ ಮಾತ್ರೆ ನುಂಗುತ್ತಿದ್ದಳು. ಆಮೇಲೆ ಗುರುವಾರಕ್ಕೂ ಬೇಕಾಯಿತು, ಶುಕ್ರವಾರಕ್ಕೂ. ಮಾತ್ರೆಯ ಖಾಲಿ ಪಟ್ಟಿಗಳನ್ನು ಸೋಫಾದ ಫೋಮ್ ಚೂರಿನ ಗೋಣಿಚೀಲದೊಳಗೆ ತುರುಕುತ್ತಿದ್ದಳು. ಮಾತ್ರೆ ಹೆಚ್ಚಾದಷ್ಟೂ ನೋವು ಬೇಗ ಬೇಗ ಬರತೊಡಗಿತು. 'ಯಾರಾದರೂ ಚೀಲ ಸುರುವಿದರೆ? ಫೈಸಲ್ ಕೇಳಿಬಿಟ್ಟರೆ?' ಹೊಲಿಯುವಾಗಲೂ ಇದೇ ಯೋಚನೆ.

ಅದೇ ಗುಂಪಿನಲ್ಲಿ ಗುರುಪುರದ ಪುಟ್ಟಮಲ್ಲಮ್ಮ ಇದ್ದರು. ಅರವತ್ತರ ಹತ್ತಿರದ ಹೆಂಗಸು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಕಾವು ಬಡಿದರೆ ಸಾಕು, ತಲೆ ಸಿಡಿಯುತ್ತಿತ್ತು.

"ನಂಗೆ ಈ ವಾರನೂವೆ ಎಂಟು ಕಣವ್ವ," ಎಂದರು ಜಗುಲಿಯಲ್ಲಿ ಕೂತು. "ನಿಂಗೆಷ್ಟು ಬಂತು?"

"ಸೊನ್ನೆ ಅಮ್ಮಾ."

"ಬರೀ ಉಸ್ರು ಬುಟ್ಟಿದ್ಕೇ?" ಪುಟ್ಟಮಲ್ಲಮ್ಮ ಅವಳ ಕೆನ್ನೆ ಸವರಿದರು. "ಪುಣ್ಯವಂತೆ ಬುಡು."

ಎಂಟನೇ ವಾರ ಪುಟ್ಟಮಲ್ಲಮ್ಮ ಬರಲಿಲ್ಲ. ಫೈಸಲನ ಮುಖ ಬಿಳಿಚಿಕೊಂಡಿತ್ತು.

"ದಿನದ ಮಾತ್ರೆ ನಿಲ್ಲಿಸಿಬಿಟ್ಟಿದ್ರಂತೆ," ಎಂದ. "ಮೂರು ದಿನ ಬಿಡದೆ ವಾಂತಿ. ಆಸ್ಪತ್ರೇಲಿ ಡ್ರಿಪ್ ಹಾಕಿದ್ದಾರೆ."

"ಯಾಕೆ... ಯಾಕೆ ನಿಲ್ಲಿಸಿದ್ರು?"

"ನಿಮಗೆ ಉಸಿರಾಟದಲ್ಲೇ ವಾಸಿ ಆಯ್ತಂತೆ. ಇನ್ನು ನಂಗ್ಯಾಕೆ ಮಾತ್ರೆ ಅಂದ್ಕೊಂಡ್ರಂತೆ."

ಅಲ್ಮಾಸ್ ತನ್ನ ಡೈರಿ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಸಂಜೆಯೇ ಆಸ್ಪತ್ರೆಗೆ ಹೋದಳು. ಪುಟ್ಟಮಲ್ಲಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ತುಟಿ ಒಣಗಿತ್ತು.

"ನೀನ್ಯಾಕವ್ವ ಅಳ್ತೀಯೆ? ನಂಗೂ ನಿನ್ನಂಗೆ ಆಗ್ಬೇಕು ಅಂತ ಆಸೆ ಆಯ್ತು, ಬುಟ್ಬುಟ್ಟೆ. ನಿನ್ನ ತಪ್ಪೇನದೆ?"

"ನಂದೇ ತಪ್ಪು ಅಮ್ಮಾ. ನಂಗೆ ವಾಸಿ ಆಗಿಲ್ಲ. ನಾನು ಬರೆದಿದ್ದೆಲ್ಲ ಸುಳ್ಳು."

ಪುಟ್ಟಮಲ್ಲಮ್ಮ ಅವಳತ್ತ ಹೊರಳಿದರು. ಬೈಯುತ್ತಾರೆ ಅಂದುಕೊಂಡಳು. ಬೈಯಲಿಲ್ಲ.

"ನಂಗೆ ಯೋಳಿ ಏನ್ ಬಂತು? ಆ ಉಡುಗುನ್ಗೆ ಯೋಳು," ಎಂದು ಕಣ್ಣು ಮುಚ್ಚಿಕೊಂಡರು.

ಮರುದಿನ ಬೆಳಗ್ಗೆ, ಪುಟ್ಟಮಲ್ಲಮ್ಮನಿಗಾಗಿ ಹುಣಸೂರಿನಲ್ಲೇ ಉಳಿದಿದ್ದ ಫೈಸಲನ ಮೇಜಿನ ಮೇಲೆ ಡೈರಿ ಇಟ್ಟಳು. ಗೋಣಿಚೀಲದಿಂದ ಹೆಕ್ಕಿದ ಖಾಲಿ ಪಟ್ಟಿಗಳನ್ನೂ ಇಟ್ಟಳು. ಹದಿನಾಲ್ಕು ಇದ್ದವು.

"ಈ ಸೊನ್ನೆಗಳಲ್ಲಿ ಮೊದಲನೇ ಮೂರು ಮಾತ್ರ ನಿಜ," ಎಂದಳು.

ಅವನು ಪಟ್ಟಿಗಳನ್ನು ನೋಡಿದ. ಡೈರಿಯನ್ನು ನೋಡಿದ. ನೋಡನೋಡುತ್ತಲೇ ಅವನ ಮುಖದ ಬಣ್ಣ ಇಳಿಯಿತು.

"ಇಷ್ಟೊಂದು ಮಾತ್ರೆ ಅಲ್ಮಾಸ್? ಇದರಿಂದಲೇ ನೋವು ಹೆಚ್ಚಾಗುತ್ತೆ ಅಂತ ಮೊದಲ ದಿನದ ಕರಪತ್ರದಲ್ಲೇ ಇತ್ತು. ಯಾಕೆ ಹೀಗೆ ಮಾಡಿದ್ರಿ?"

ಎಷ್ಟೋ ಉತ್ತರ ಹೊಂದಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ.

"ಸೊನ್ನೆ ನೋಡಿದ್ರೆ ನಿಮಗೆ ಖುಷಿ ಆಗ್ತಿತ್ತು. ಅದನ್ನ ನೋಡೋಕೆ."

ಅವನು ಡೈರಿ ಎತ್ತಿಕೊಂಡು ಎದ್ದ. ತಿರುಗಿ ನೋಡದೆ ಹೋಗಿಬಿಟ್ಟ.

ಎರಡು ದಿನ ಬಿಟ್ಟು ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ಸುನಂದಮ್ಮ ಮೈಸೂರಿನಿಂದ ಬಂದರು. ಅವಳ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಲು ಚೀಟಿ ಬರೆದುಕೊಟ್ಟರು. ಆಮೇಲೆ ಡೈರಿಯನ್ನು ಅವಳ ಮುಂದೆ ಸರಿಸಿದರು.

"ಹರಿಯೋದು ಬೇಡ, ಅಳಿಸೋದೂ ಬೇಡ. ಸುಳ್ಳಿನ ಮೇಲೆ ಒಂದೇ ಗೆರೆ ಎಳಿ, ಕೆಳಗಿರೋದು ಕಾಣಬೇಕು. ಪಕ್ಕದಲ್ಲಿ ನೆನಪಿರೋ ನಿಜ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡು. ಇದೆಲ್ಲ ಆಮೇಲೆ ತಿದ್ದಿದ್ದು ಅಂತ ನಾವು ವರದಿಯಲ್ಲಿ ಹೇಳ್ತೀವಿ."

ನೋವಿನ ಅಂಕೆ, ಮಾತ್ರೆಯ ಲೆಕ್ಕ ಎರಡೂ ಸೇರಿ ಮೂವತ್ತೊಂದು ಕಡೆ ಗೆರೆ ಎಳೆದಳು. ಆರು, ಏಳು, ಆರು, ಎಂಟು... ಪ್ರತಿ ಸಹಿಗೂ ಆ ದಿನದ ಕತ್ತಲೆ ಕೋಣೆ ನೆನಪಾಗುತ್ತಿತ್ತು.

ಮುಂದಿನ ಬುಧವಾರ ಫೈಸಲನ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ತೇಜಸ್ ಅಂತೆ ಹೆಸರು.

"ಫೈಸಲ್ ಸರ್ ಬರಲ್ವಾ?"

"ಅವರನ್ನ ಎಚ್.ಡಿ. ಕೋಟೆಗೆ ಹಾಕಿದ್ದಾರೆ. ಅವರೇ ಕೇಳ್ಕೊಂಡ್ರಂತೆ."

ಅವರೇ ಕೇಳಿಕೊಂಡರು. ಆ ಎರಡು ಪದ ಅವಳ ಜೊತೆಗೇ ಮನೆಗೆ ಬಂದವು. 'ನನ್ನ ಮುಖ ನೋಡೋಕೂ ಇಷ್ಟವಿಲ್ಲ... ಅವರ ಇಷ್ಟು ದಿನದ ಕೆಲಸಕ್ಕೆ ಮಣ್ಣು ಹಾಕಿದೆನಲ್ಲ, ಇನ್ನೇನು ಮಾಡ್ತಾರೆ?' ಫೋನ್ ಮಾಡಲು ಕೈ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಮಾತ್ರೆ ಕಡಿಮೆ ಮಾಡಿದ ಮೊದಲ ಹತ್ತು ದಿನ ನರಕ. ಒಂಬತ್ತು ಎಂದು ಬರೆದಳು. ಎಂಟು ಎಂದು ಬರೆದಳು. ಹೊತ್ತಿಗೆ ಸರಿಯಾಗಿ ಉಂಡಳು, ಹೊತ್ತಿಗೆ ಸರಿಯಾಗಿ ಮಲಗಿದಳು, ದಿನಕ್ಕೆರಡು ಸಲ ಕಣ್ಣು ಮುಚ್ಚಿ ಉಸಿರು ಎಣಿಸಿದಳು. ಮೂರನೇ ವಾರಕ್ಕೆ ನೋವಿನ ಕಟ್ಟು ಸ್ವಲ್ಪ ಸಡಿಲವಾಯಿತು. ಹೇಳಿಕೊಳ್ಳಬೇಕಾದವನು ಮಾತ್ರ ಇರಲಿಲ್ಲ.

ಕೊನೆಯ ಡೈರಿಯನ್ನು ತೇಜಸ್‌ನ ಕೈಗೆ ಕೊಟ್ಟ ಮರುದಿನ, ಬೆಳಗ್ಗೆ ಹತ್ತರ ಹೊತ್ತಿಗೆ ಕಾರ್ಖಾನೆಯ ಬಾಗಿಲಲ್ಲಿ ಫೈಸಲ್ ನಿಂತಿದ್ದ.

"ಅಸ್ಸಲಾಮು ಅಲೈಕುಂ," ಎಂದು ಶಕೀಲ್ ಸಾಬರಿಗೆ ಹೇಳಿದ. "ನಾನು ಕೆ.ಆರ್. ನಗರದ ಫೈಸಲ್. ಅಲ್ಮಾಸ್ ಜೊತೆ ನಿಮ್ಮೆದುರಿಗೇ ಎರಡು ಮಾತಾಡಬಹುದಾ?"

ಶಕೀಲ್ ಸಾಬ್ ಮಗಳ ಮುಖ ನೋಡಿದರು. ಯಂತ್ರ ನಿಲ್ಲಿಸಿದರು. ನಾಲ್ಕು ಹೆಜ್ಜೆ ದೂರ ಹೋಗಿ ಹಲಗೆಗಳನ್ನು ಜೋಡಿಸತೊಡಗಿದರು.

ಅಲ್ಮಾಸ್ ಎದ್ದು ನಿಂತಳು.

"ನನ್ನ ಮುಖ ನೋಡಬಾರದು ಅಂತ ಎಚ್.ಡಿ. ಕೋಟೆಗೆ ಹೋದ್ರಿ ಅಲ್ವಾ?"

"ಹಾಗಂದ್ಕೊಂಡ್ರಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀವು ಆ ಮಾತು ಹೇಳಿದ ದಿನವೇ ಸುನಂದಮ್ಮ ಮೇಡಂ ಹತ್ರ ಹೋದೆ. ನಾನು ಇವರ ಡೈರಿ ನೋಡೋ ಹಾಗಿಲ್ಲ, ನಂಗೆ ಇವರ ಮೇಲೆ ಮನಸ್ಸಿದೆ ಅಂದೆ. ನೋವು ಅಳೆಯೋವನಿಗೆ ಅದು ಇರಬಾರದು."

"ನಂಗೆ ಒಂದು ಮಾತು ಹೇಳಬಹುದಿತ್ತು..."

"ಹೇಳಿದ್ರೆ ನೀವು ಮತ್ತೆ ಸೊನ್ನೆ ಬರೀತಿದ್ರಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಿನ್ನೆ ಸಂಜೆ ನಿಮ್ಮ ಕೊನೆಯ ಹಾಳೆ ಮೈಸೂರಿಗೆ ಹೋಗೋ ಕವರ್ ಸೇರಿತು ಅಂತ ತೇಜಸ್ ಹೇಳಿದ," ಎಂದ ಅವನು. "ಅದಕ್ಕೇ ಇವತ್ತು ಬೆಳಗ್ಗೆ ಬಸ್ ಹತ್ತಿದೆ."

"ಸಂಶೋಧನೆ ಏನಾಗುತ್ತೆ? ನನ್ನಿಂದ ಹಾಳಾಯ್ತಾ?"

"ಗೊತ್ತಿಲ್ಲ. ಮೈಸೂರಲ್ಲಿ ನೋಡ್ತಾರೆ. ಏನು ಬಂದ್ರೂ ಇದ್ದದ್ದು ಇದ್ದ ಹಾಗೆ ಬರೀತಾರೆ. ಪುಟ್ಟಮಲ್ಲಮ್ಮ ಮಾತ್ರ ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ಬ್ಯಾರನ್ ಕೆಲಸ ಮಗನಿಗೆ ಬಿಟ್ಟಿದ್ದಾರಂತೆ."

ಅಲ್ಮಾಸ್ ಸೆರಗಿನ ತುದಿ ಸುತ್ತುತ್ತಾ ನಿಂತಳು. ಕೇಳಲೇಬೇಕಾದದ್ದು ಒಂದಿತ್ತು. ಕೇಳಲು ಭಯ.

"ಇದು ಪೂರ್ತಿ ಹೋಗಲ್ಲ ಫೈಸಲ್. ವಾರಕ್ಕೆ ಮೂರು ದಿನ ಇದ್ದದ್ದು ಈಗ ಎರಡು ಆಗಿದೆ, ಅಷ್ಟೇ. ಈದ್ ದಿನ, ಮನೆ ತುಂಬಾ ನೆಂಟರಿದ್ದಾಗ ಮಲಗಿಬಿಡಬಹುದು. ನಿಮ್ಮ ಅಮ್ಮಿಗೆ ಗೊತ್ತಾ?"

"ಎಲ್ಲಾ ಹೇಳಿದ್ದೀನಿ. ಅವರು ಕೇಳಿದ್ದು ಒಂದೇ. ನಿಮಗೆ ಯಾವ ಕಡೆ ನೋವು ಬರುತ್ತೆ ಅಂತ."

"ಎಡಗಡೆ."

"ಅವರಿಗೆ ಬಲಗಡೆ."

ಹಲಗೆ ಜೋಡಿಸುತ್ತಿದ್ದ ಶಕೀಲ್ ಸಾಬರ ಕೈ ನಿಂತಿತ್ತು. ಅವರು ಈ ಕಡೆ ತಿರುಗಲಿಲ್ಲ.

"ಒಂದೇ ದಿನ ಇಬ್ಬರಿಗೂ ಬಂದ್ರೆ?" ಅವಳು ಮೆಲ್ಲಗೆ ಕೇಳಿದಳು.

"ನಾನು ಅಡುಗೆ ಮಾಡ್ತೀನಿ."

"ಬರುತ್ತಾ ನಿಮಗೆ?"

"ಅನ್ನ ಬರುತ್ತೆ," ಎಂದ ಅವನು. "ಸಾರು ಕಲೀತೀನಿ."