ಅಳಿಸಿದ ನಲವತ್ತೊಂದು ಸೆಕೆಂಡು

"ನಾನು ಆಡಿದ ಮಾತು ನನಗೆ ವಾಪಸ್ ಬೇಕು."

ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೆಯೇ ನಿಂತುಬಿಟ್ಟವು.

ಆ ದನಿ...

ಯಾರದೆಂದು ತಿಳಿಯಲು ತಿರುಗಿ ನೋಡಬೇಕಾಗಿರಲಿಲ್ಲ. ಕಳೆದ ಎರಡು ತಿಂಗಳಲ್ಲಿ ಒಂಬತ್ತು ಗಂಟೆ ಅವಳ ಕಿವಿಯೊಳಗೇ ಇದ್ದ ದನಿ ಅದು. ಎಲ್ಲಿ ಉಸಿರೆಳೆದುಕೊಳ್ಳುತ್ತದೆ, ಎಲ್ಲಿ ನಗು ನುಂಗಿಕೊಳ್ಳುತ್ತದೆ, ಯಾವ ಪ್ರಶ್ನೆಗೆ ಗಂಟಲು ಸರಿಮಾಡಿಕೊಳ್ಳುತ್ತದೆ, ಎಲ್ಲವೂ ಗೊತ್ತಿತ್ತು. ಮುಖವೊಂದು ಮಾತ್ರ ಗೊತ್ತಿರಲಿಲ್ಲ.

ತಿರುಗಿದಳು.

ಗಾಳಿಗೆ ಒರಟಾದ ಮುಖ. ಕಿವಿಯ ಹತ್ತಿರ ನರೆತ ಕೂದಲು. ಒಂದು ಗುಂಡಿ ಕಿತ್ತುಹೋದ ದಪ್ಪ ಕೋಟು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಪ್ಪಿಗೆ ಪತ್ರ.

"ಪ್ರೊಫೆಸರ್ ಇಲ್ವಾ? ಅವರೇ ಸಹಿ ಹಾಕಿಕೊಟ್ಟಿದ್ದು ಇದು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನನ್ನ ಮಾತು ಹಿಂದಕ್ಕೆ ತಗೋಬಹುದು ಅಂತ ಬರೆದಿದೆ. ಬೇಡ ಅನ್ನಿಸಿದೆ. ಅದಕ್ಕೇ ಬಂದೆ."

"ಸರ್ ನಾಳೆ ಬೆಳಗ್ಗೆ ಬರ್ತಾರೆ. ಕೂತ್ಕೊಳ್ಳಿ..."

"ಕೂರೋಕೆ ಬಂದಿಲ್ಲ ನಾನು."

ಆದರೂ ಕೂತ. ಇಡೀ ದಿನ ರೈಲಿನಲ್ಲಿ ಬಂದವನ ಕಾಲುಗಳಿಗೆ ಅವನ ಸಿಟ್ಟಿನ ಹಂಗಿರಲಿಲ್ಲ.

ಅದು ಸಮಾಜ ಅಧ್ಯಯನ ಸಂಸ್ಥೆಯ ಮೂರನೇ ಮಹಡಿಯ ಕೊನೆಯ ಕೋಣೆ. ಉತ್ತರದ ತುದಿಯಲ್ಲಿರುವ ಸಣ್ಣ ಊರುಗಳ ಜನ ತಮ್ಮ ಆಡಳಿತವನ್ನು ತಾವೇ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಪ್ರೊಫೆಸರ್ ಮೂರು ವರ್ಷದಿಂದ ಅಧ್ಯಯನ ಮಾಡುತ್ತಿದ್ದರು. ಅವರು ರೆಕಾರ್ಡ್ ಮಾಡಿ ತಂದ ಮಾತುಗಳನ್ನು ಕೇಳಿ ಟೈಪ್ ಮಾಡುವುದು ಇವಳ ಕೆಲಸ. ಸಂಸ್ಥೆಯಲ್ಲಿ ಎಲ್ಲರೂ ಇವಳನ್ನು ಕರೆಯುತ್ತಿದ್ದುದೇ 'ಕಿವಿ ಮೇಡಂ' ಎಂದು.

ಮೂವತ್ತೆಂಟು ವರ್ಷ. ಅದರಲ್ಲಿ ಹದಿನಾಲ್ಕು ವರ್ಷ ಬೇರೆಯವರ ಮಾತಿಗೇ ಹೋಗಿತ್ತು. "ಲೋಕದವರ ಮಾತೆಲ್ಲ ಬರೀತೀಯ, ನಿನ್ನ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳೋದು ಯಾವಾಗಮ್ಮಾ?" ಎಂದು ಅತ್ತಿಗೆ ಕೆಣಕಿದಾಗಲೆಲ್ಲ ನಕ್ಕು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದಳು.

ಈಗಲೂ ಎದ್ದು ಹೋಗಿ ಟೀ ತಂದಳು.

ಅವನು ಒಂದು ಗುಟುಕು ಕುಡಿದು ಲೋಟ ನೋಡಿದ. "ಸಕ್ಕರೆ ಹಾಕಿಲ್ಲ."

"ನೀವು ಹಾಕ್ಕೊಳ್ಳಲ್ವಲ್ಲ."

"ನಿಮಗೆ ಹೇಗೆ ಗೊತ್ತು?"

"ಸರ್ ಟೀ ತರಿಸಿದಾಗಲೆಲ್ಲ 'ಸಕ್ಕರೆ ಬೇಡ' ಅಂದಿದ್ದೀರಿ. ಒಟ್ಟು ಏಳು ಸಲ. ಅದನ್ನೆಲ್ಲ ಟೈಪ್ ಮಾಡಿದ್ದು ನಾನೇ."

ಮೊದಲ ಬಾರಿಗೆ ಅವನ ಮುಖ ಸ್ವಲ್ಪ ಸಡಿಲವಾಯಿತು. "ಹಾಗಾದರೆ ನನ್ನ ಕೊರೆತವನ್ನೆಲ್ಲ ಪೂರ್ತಿ ಕೇಳಿದವರು ನೀವೊಬ್ಬರೇ."

ಕೇಳಿದೆ. ಮುಗಿದ ಮೇಲೂ ಕೇಳಿದೆ. ಕೆಲಸವಿಲ್ಲದಿದ್ದರೂ ಕೇಳಿದೆ... ಅವಳು ಹೇಳಲಿಲ್ಲ.

ಅವನು ಕೋಟಿನ ಜೇಬಿನಿಂದ ಇನ್ನಷ್ಟು ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಇದನ್ನ ಕಳಿಸಿದ ಪುಣ್ಯಾತ್ಮ ಯಾರು ಅಂತ ಗೊತ್ತಾಗಬೇಕು ನನಗೆ."

ಅವಳೇ ಟೈಪ್ ಮಾಡಿದ ಹಾಳೆಗಳು. ಮೊದಲ ಪುಟದ ಮೂಲೆಯಲ್ಲಿ ಪುರಸಭೆಯ ದುಂಡು ಸೀಲು. ಕೆಳಗೆ ಟಪಾಲು ಸಂಖ್ಯೆ, ತಾರೀಕು.

ಅವಳ ಕಣ್ಣು ಆ ಸೀಲಿನ ಮೇಲೇ ನಿಂತಿತು.

ಮಾತಾಡಿದವರಿಗೆ ಒಂದು ಪ್ರತಿ ಕಳಿಸಿ ಸರಿಯಿದೆಯೇ ಎಂದು ಕೇಳುವುದು ಸಂಸ್ಥೆಯ ಪದ್ಧತಿ. ಇವನ ಲಕೋಟೆಯ ಮೇಲೆ ಬರೀ ಹೆಸರು, ಬೀದಿ ಬರೆಯಲು ಅವಳಿಗೆ ಮನಸ್ಸಾಗಿರಲಿಲ್ಲ. ಹೊಸ ಪೆನ್ನು ತೆಗೆದು, ಅಕ್ಷರ ದುಂಡಗೆ ಮಾಡಿ, 'ಸದಸ್ಯರು, ಪುರಸಭೆ' ಎಂದು ಸೇರಿಸಿದ್ದಳು. ಗೌರವಕ್ಕೆಂದು. ಗೌರವವೊಂದೇ ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಆದರೆ ಆ ಊರಲ್ಲಿ ಸದಸ್ಯರ ಹೆಸರಿಗೆ ಬಂದ ಕಾಗದವನ್ನೆಲ್ಲ ಕಚೇರಿಯಲ್ಲೇ ಒಡೆದು, ಸೀಲು ಹೊಡೆದು, ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತಾರೆ. ಯಾರು ಬೇಕಾದರೂ ಓದಬಹುದು. "ನಮ್ಮಲ್ಲಿ ಮುಚ್ಚುಮರೆ ಇಲ್ಲ ಸರ್" ಎಂದು ಮೊದಲ ದಿನವೇ ಅವನು ಹೆಮ್ಮೆಯಿಂದ ಹೇಳಿದ್ದ. ಆ ವಾಕ್ಯವನ್ನು ಟೈಪ್ ಮಾಡಿದ ಕೈಯೇ ಈ ವಿಳಾಸ ಬರೆದಿತ್ತು.

"ನಮ್ಮ ಅಕ್ಕ ನಿಂತುಕೊಂಡೇ ಓದಿದಳಂತೆ. ಹದಿನೇಳನೇ ಪುಟದವರೆಗೂ" ಎಂದ ಅವನು.

ಹದಿನೇಳನೇ ಪುಟದಲ್ಲಿ ಏನಿದೆ ಎಂದು ಅವಳು ಕೇಳಬೇಕಾಗಿರಲಿಲ್ಲ.

ಅವನು ಆ ಊರಿಗೂ ಎದುರಿನ ನಡುಗಡ್ಡೆಗೂ ನಡುವೆ ಲಾಂಚ್ ಓಡಿಸುವವನು. ಹುಟ್ಟಿದ್ದು ನಡುಗಡ್ಡೆಯ ಹತ್ತೊಂಬತ್ತು ಮನೆಗಳಲ್ಲೊಂದರಲ್ಲಿ. ಅಮ್ಮನಿಲ್ಲದ ಅವನನ್ನು ಸಾಕಿದ ಅಕ್ಕ ಈಗಲೂ ಅಲ್ಲೇ ಇದ್ದಾಳೆ. ನಮ್ಮವನೊಬ್ಬ ಪುರಸಭೆಯಲ್ಲಿರಲಿ ಎಂದು ನಡುಗಡ್ಡೆಯವರೇ ಆರಿಸಿ ಕಳಿಸಿದ್ದರು. ಚಳಿಗಾಲದಲ್ಲಿ ಲಾಂಚ್ ನಿಲ್ಲಿಸಬೇಕೇ ಬೇಡವೇ ಎಂದು ಪುರಸಭೆಯಲ್ಲಿ ಗುಟ್ಟಾಗಿ ಚೀಟಿ ಹಾಕಿದಾಗ ನಿಲ್ಲಿಸಲು ನಾಲ್ಕು, ಬೇಡವೆನ್ನಲು ಮೂರು ಬಂತು. ನಾಲ್ಕನೆಯ ಚೀಟಿ ಅವನದು. ಅಕ್ಕನಿಗೆ ಮಾತ್ರ, "ನಾನು ಬೇಡ ಅಂತಲೇ ಹಾಕಿದೆ, ಸೋತುಹೋಯ್ತು" ಎಂದಿದ್ದ. ನಿಜ ಹೇಳಿದ್ದು ಪ್ರೊಫೆಸರ್ ಎದುರು ಮಾತ್ರ, ಹದಿನೇಳನೇ ಪುಟದಲ್ಲಿ.

"ಈಗಲೂ ದಿನಾ ನನ್ನ ಲಾಂಚಲ್ಲೇ ಬರ್ತಾಳೆ. ನನಗೆ ಬೆನ್ನು ಮಾಡಿ ಕೂರ್ತಾಳೆ. ಬೈದಿದ್ದರೂ ಆಗ್ತಿತ್ತು." ಲೋಟ ಕೆಳಗಿಟ್ಟ. "ನೀವು ಒಳ್ಳೆಯವರು. ನಿಮ್ಮ ಮೇಲೆ ರೇಗಿದ್ದು ತಪ್ಪಾಯ್ತು. ನಾಳೆ ಬರ್ತೀನಿ."

ಈಗ ಹೇಳು... ಈಗಲೇ ಹೇಳಿಬಿಡು...

ಅವಳು ಖಾಲಿ ಲೋಟ ಎತ್ತಿಕೊಂಡಳು. ಅವನು ಮೆಟ್ಟಿಲು ಇಳಿದುಹೋದ.

* * *

ಮರುದಿನ ಎಲ್ಲರಿಗಿಂತ ಮುಂಚೆ ಬಂದು ರೆಕಾರ್ಡಿನಲ್ಲಿ ಹದಿನೇಳನೇ ಪುಟದ ಜಾಗವನ್ನು ಮತ್ತೆ ಕೇಳಿದಳು.

"ಯಾಕೆ ಹಾಗೆ ಮಾಡಿದಿರಿ?" ಎಂಬುದು ಪ್ರೊಫೆಸರ್ ಪ್ರಶ್ನೆ. ಹಾಳೆಯಲ್ಲಿ ಅದರ ಕೆಳಗೇ ಅವನ ಉತ್ತರವಿತ್ತು: 'ಗೊತ್ತಿಲ್ಲ. ಮುಂದಿನದು ಕೇಳಿ.' ಓದಿದವರಿಗೆ ಕಲ್ಲುಮನಸ್ಸಿನವನ ಮಾತು.

ಆದರೆ ರೆಕಾರ್ಡಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಲವತ್ತೊಂದು ಸೆಕೆಂಡು ಇದ್ದವು. ಮೊದಲು ಕುರ್ಚಿಯ ಕಿರುಗುಟ್ಟುವಿಕೆ. ಆಮೇಲೆ ತುಟಿಯೊಳಗೇ ಎಣಿಸುವ ದನಿ. ಒಂದು, ಎರಡು, ಮೂರು... ಹತ್ತು. ನಿಲ್ಲುತ್ತದೆ. ಮತ್ತೆ ಒಂದರಿಂದ. ಹೀಗೆ ಮೂರು ಸಲ.

ಅಳು ತಡೆದುಕೊಳ್ಳಲು ಎಣಿಸುತ್ತಿದ್ದಾನೆ ಎಂದುಕೊಂಡಿದ್ದಳು ಅವಳು. ಉತ್ತರವಲ್ಲದ್ದನ್ನು ಟೈಪ್ ಮಾಡಬಾರದೆಂಬುದು ನಿಯಮ. ಅಳಿಸಿದ್ದಳು.

ಹತ್ತು ಗಂಟೆಗೆ ಪ್ರೊಫೆಸರ್ ಕೋಣೆಯಲ್ಲಿ ಮೂವರೂ ಕೂತರು.

"ಟಪಾಲು ವಿಭಾಗದವರ ತಪ್ಪು ಅನ್ಸುತ್ತೆ. ಹೊಸಬರು ಬಂದಿದ್ದಾರೆ, ನಾನು ವಿಚಾರಿಸ್ತೀನಿ" ಎಂದರು ಪ್ರೊಫೆಸರ್.

"ಅವರದಲ್ಲ ಸರ್." ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ವಿಳಾಸ ಬರೆದಿದ್ದು ನಾನು. ಮನೆ ವಿಳಾಸ ಇತ್ತು. ನಾನೇ ಪುರಸಭೆ ಅಂತ ಸೇರಿಸಿದೆ."

ಅವನು ನಿಧಾನವಾಗಿ ಇವಳತ್ತ ತಿರುಗಿದ.

"ನಿನ್ನೆ ಟೀ ಕೊಟ್ಟಾಗ ಗೊತ್ತಿತ್ತಾ?"

"ಸೀಲು ನೋಡಿದ ಕೂಡಲೇ ಗೊತ್ತಾಯ್ತು."

"ಆದರೂ ನಿಮ್ಮನ್ನ ಒಳ್ಳೆಯವರು ಅಂದಾಗ ಸುಮ್ಮನಿದ್ದಿರಿ."

"ಇದ್ದೆ..."

"ಸರಿ. ಎಲ್ಲ ಅಳಿಸಿಬಿಡಿ." ಪ್ರೊಫೆಸರ್ ಮುಂದಿಟ್ಟ ಅರ್ಜಿಗೆ ಎರಡು ಕಡೆ ಸಹಿ ಹಾಕಿದ.

"ಅಳಿಸೋ ಮುಂಚೆ ಒಂದು ಪ್ರತಿ ನಿಮಗೆ ಕೊಡಬೇಕು. ನಿಯಮ. ದಯವಿಟ್ಟು ಒಂದೇ ಸಲ ಕೇಳಿ, ಹದಿನೇಳನೇ ಪುಟದ..." ಎಂದಳು ಅವಳು.

"ನಿಮ್ಮ ಕಿವಿಗೆ ಅಷ್ಟು ಇಷ್ಟವಾಗಿದ್ದರೆ ನೀವೇ ಇಟ್ಕೊಳ್ಳಿ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ನಿಜವನ್ನೇ ಅಂದಿದ್ದ, ಅದಕ್ಕೇ.

ಅವನು ಹೋದ ಮೇಲೆ ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. "ಹೋಗಲಿ ಬಿಡಮ್ಮಾ. ಅವರ ಪ್ರತಿ ಪೋಸ್ಟಲ್ಲಿ ಕಳಿಸಿಬಿಡು."

"ಇನ್ನೊಂದು ಸಲ ಪೋಸ್ಟಾ, ಸರ್?"

ಅವರು ಅವಳ ಮುಖ ನೋಡಿ, ರಜೆ ಅರ್ಜಿಯ ಪುಸ್ತಕವನ್ನು ಮುಂದೆ ಸರಿಸಿದರು.

* * *

ಲಾಂಚು ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಮಾಸಿದ ನೀಲಿ ಬಣ್ಣ, ಎರಡೂ ಬದಿಗೆ ಮರದ ಬೆಂಚು.

ಹಗ್ಗ ಬಿಚ್ಚುತ್ತಿದ್ದವನು ಅವಳನ್ನು ಕಂಡು ಹಗ್ಗ ಹಿಡಿದೇ ನಿಂತ.

ಅವಳು ಸಣ್ಣ ರೆಕಾರ್ಡರನ್ನೂ ಹೆಡ್‌ಫೋನನ್ನೂ ಅವನ ಕೈಗಿಟ್ಟಳು. "ನಿಮ್ಮದು. ಹದಿನೇಳನೇ ಪುಟದ ಜಾಗಕ್ಕೇ ತಂದಿಟ್ಟಿದ್ದೀನಿ. ಆಫೀಸಲ್ಲಿ, ನನ್ನ ಹತ್ತಿರ, ಎಲ್ಲೂ ಇನ್ನೊಂದು ಪ್ರತಿ ಇಲ್ಲ. ನೀರಿಗೆ ಎಸೆದರೂ ಸರಿ."

"ಆಯ್ತಲ್ಲ. ಹೊರಡಿ."

"ಟಿಕೆಟ್ ತಗೊಂಡಿದ್ದೀನಿ."

ಅವನು ಅದನ್ನು ಜೇಬಿಗೆ ಹಾಕಿಕೊಂಡ. ಚುಕ್ಕಾಣಿಯ ಬಳಿ ಹೋಗಿ, ತಿರುಗಿ ನಿಂತು, ಕೂತವರತ್ತ ಬೆರಳು ಮಾಡಿ ತುಟಿಯೊಳಗೇ ಎಣಿಸತೊಡಗಿದ. ಒಂದು, ಎರಡು, ಮೂರು...

ಅವಳು ಥಟ್ಟನೆ ತಲೆಯೆತ್ತಿದಳು. ಅದೇ ದನಿ, ಅದೇ ಲಯ. ಅದು ಅಳು ತಡೆಯುವ ಎಣಿಕೆಯಾಗಿರಲಿಲ್ಲ... ಜನರನ್ನು ಎಣಿಸುವ ಎಣಿಕೆ. ಹಾಗಾದರೆ ಅವತ್ತು ಯಾವ ಜನರನ್ನು ಎಣಿಸುತ್ತಿದ್ದ? ಯಾಕೆ ಹತ್ತಕ್ಕೇ ನಿಲ್ಲುತ್ತಿದ್ದ?

ಮುಂದಿನ ಬೆಂಚಿನಲ್ಲಿ ಬೂದು ಬಣ್ಣದ ಶಾಲು ಹೊದ್ದ ಹೆಂಗಸೊಬ್ಬಳು ಚುಕ್ಕಾಣಿಗೆ ಬೆನ್ನು ಮಾಡಿ ಕೂತಿದ್ದಳು. ಇವಳು ಹೋಗಿ ಪಕ್ಕದಲ್ಲಿ ಕೂತಳು.

"ಆ ಲಕೋಟೆಯ ಮೇಲೆ ವಿಳಾಸ ಬರೆದಿದ್ದು ನಾನು, ಅಕ್ಕಾ."

ಅಕ್ಕ ಇವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅಕ್ಷರ ಮುತ್ತಿನ ಹಾಗಿತ್ತು."

"ಅದೇ ತಪ್ಪಾಗಿದ್ದು."

ಅಕ್ಕನ ತುಟಿಯ ಅಂಚು ಅಲುಗಿತು. "ಅಕ್ಷರ ನೋಡಿ ಯಾವುದೋ ಒಳ್ಳೆ ಸುದ್ದಿ ಅಂದುಕೊಂಡೆ. ಅದಕ್ಕೇ ಓದೋಕೆ ಹೋಗಿದ್ದು ನಾನು."

"ಇನ್ನೊಂದು ತಪ್ಪೂ ಮಾಡಿದ್ದೀನಿ. ನಿಮ್ಮ ತಮ್ಮನ ಉತ್ತರದಲ್ಲಿ ಸ್ವಲ್ಪ ಭಾಗ ಬಿಟ್ಟು ಟೈಪ್ ಮಾಡಿದೆ. ಅದೇನು ಅಂತ ಹೇಳೋ ಹಕ್ಕು ನನಗಿಲ್ಲ. ಅದು ಅವರ ಜೇಬಲ್ಲಿದೆ."

ಅಕ್ಕ ದಾರಿಯುದ್ದಕ್ಕೂ ನೀರನ್ನೇ ನೋಡುತ್ತಿದ್ದಳು.

ನಡುಗಡ್ಡೆಯಲ್ಲಿ ಎಲ್ಲರೂ ಇಳಿದುಹೋದರು. ಅಕ್ಕ ಮಾತ್ರ ಇಳಿದು, ಕಟ್ಟೆಯ ಮೇಲೆ ನಿಂತು, ತಿರುಗಿ ಕೈ ಚಾಚಿದಳು.

"ಕೊಡು."

ಎಷ್ಟೋ ವಾರಗಳ ನಂತರದ ಮೊದಲ ಮಾತು. ಅವನು ಹಿಂದೆ ಮುಂದೆ ನೋಡಿದ. ಇವಳ ಮುಖ ನೋಡಿದ. ಕೊನೆಗೆ ಜೇಬಿನಿಂದ ತೆಗೆದುಕೊಟ್ಟ.

ಅಕ್ಕ ಶಾಲು ಸರಿಸಿ ಹೆಡ್‌ಫೋನ್ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು. "ಏನೂ ಕೇಳಿಸ್ತಿಲ್ಲ. ಕೆಟ್ಟುಹೋಗಿದೆ ಇದು."

"ಕೆಟ್ಟಿಲ್ಲ ಅಕ್ಕಾ. ಅದೇ ನಾನು ಬಿಟ್ಟಿದ್ದು. ದನಿ ಜೋರು ಮಾಡ್ಕೊಳ್ಳಿ."

ಅಕ್ಕ ಕಣ್ಣು ಮುಚ್ಚಿದಳು. ಅವಳ ತುಟಿಗಳೂ ನಿಧಾನವಾಗಿ ಅಲುಗತೊಡಗಿದವು... ಎಂಟು, ಒಂಬತ್ತು, ಹತ್ತು. ನಿಂತವು. ಮತ್ತೆ ಒಂದರಿಂದ. ಮೂರನೆಯ ಸಲ ಹತ್ತಕ್ಕೆ ಬಂದಾಗ ಅಕ್ಕ ಕಣ್ಣು ತೆರೆದು ಹೇಳಿದಳು:

"ಹನ್ನೊಂದನೇದು ನಾನು."

ಅವನು ಮುಖ ತಿರುಗಿಸಿಕೊಂಡ.

"ಹೋದ ಚಳಿಗಾಲ" ಎಂದಳು ಅಕ್ಕ ಇವಳಿಗೆ. "ಅಲೆ ಹೊಡೆದು ಲಾಂಚು ಪೂರ್ತಿ ವಾಲಿಬಿಡ್ತು. ಹನ್ನೊಂದು ಜನ ಇದ್ವಿ. ನಾನು ಬೆಂಚಿನ ಅಡಿಗೆ ಉರುಳಿ ಸಿಕ್ಕಿಹಾಕಿಕೊಂಡಿದ್ದೆ, ಮೇಲೆ ಚೀಲಗಳು. 'ಇಲ್ಲಿದ್ದೀನಿ ಕಣೋ' ಅಂತ ಕೂಗೋಕೂ ಉಸಿರಿಲ್ಲ. ಇವನು ಎಣಿಸ್ತಾನೆ, ಹತ್ತೇ ಬರ್ತದೆ. ಮತ್ತೆ ಎಣಿಸ್ತಾನೆ..."

"ಮೂರು ಸಲ" ಎಂದ ಅವನು. "ನೀನು ಕೂತಿದ್ದ ಜಾಗ ಖಾಲಿ ಇತ್ತು ಅಕ್ಕ. ಚೀಟಿ ಕೈಗೆ ಬಂದಾಗ ನನಗೆ ಕಂಡಿದ್ದು ಅದೊಂದೇ."

"ಹೆದರಿಕೆ ಆಯ್ತು ಅಂತ ಹೇಳಬಾರದಿತ್ತೇನೋ ಸಣ್ಣೋನೆ? ಮಡಿಸಿದ ಚೀಟಿ ಹಾಕಿ, ಮನೆಗೆ ಬಂದು ಸುಳ್ಳು ಹೇಳಿ..." ಅಕ್ಕ ಅವನ ಕೋಟಿನ ಕಿತ್ತುಹೋದ ಗುಂಡಿಯ ಜಾಗವನ್ನು ಹಿಡಿದು ಜಗ್ಗಿದಳು. "ಮುಂದಿನ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳು. ಈ ಡಬ್ಬ ಚಳಿಗಾಲಕ್ಕೆ ಆಗಲ್ಲ, ಗಟ್ಟಿ ಲಾಂಚು ಬೇಕು ಅಂತ ಕೇಳು. ಹತ್ತೊಂಬತ್ತು ಮನೆಯವರೂ ಬಂದು ಹಿಂದೆ ಕೂರ್ತೀವಿ. ಈ ಸಲ ಚೀಟಿ ಬೇಡ. ಎಲ್ಲರೆದುರು ಕೈ ಎತ್ತು."

"ಎತ್ತೀನಿ."

"ಆ ಕೋಟು ಬಿಚ್ಚಿಕೊಡು, ಗುಂಡಿ ಹಾಕ್ತೀನಿ. ಆಮೇಲೆ ಈ ಅಮ್ಮನ್ನ ಆಚೆ ದಡಕ್ಕೆ ಬಿಟ್ಟು ಬಾ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಬಿಟ್ಟು ಬರ್ತೀಯೋ, ಕರ್ಕೊಂಡು ಬರ್ತೀಯೋ, ನಿನಗೆ ಬಿಟ್ಟಿದ್ದು."

* * *

ಮರಳಲು ಹೊರಟಾಗ ಲಾಂಚಿನಲ್ಲಿ ಅವರಿಬ್ಬರೇ. ಕೋಟಿಲ್ಲದೆ ಅವನು ಗಾಳಿಗೆ ಸ್ವಲ್ಪ ಮುದುರಿಕೊಂಡಿದ್ದ.

"ಅವತ್ತು ಆಫೀಸಲ್ಲಿ ಹಾಗೆ ಅನ್ನಬಾರದಿತ್ತು ನಾನು" ಎಂದ.

"ನಿಜಾನೇ ಅಂದಿರಿ. ನನ್ನ ಕಿವಿಗೆ ಇಷ್ಟವಾಗಿತ್ತು." ಹೇಳಿಬಿಟ್ಟಿದ್ದಳು. ಹದಿನಾಲ್ಕು ವರ್ಷದಲ್ಲಿ ಅವಳ ಸ್ವಂತದ ಮೊದಲ ವಾಕ್ಯ... ಇನ್ನು ನಿಲ್ಲಿಸಲಾಗಲಿಲ್ಲ. "ವಿಳಾಸಕ್ಕೆ ಹೊಸ ಪೆನ್ನು ತೆಗೆದಿದ್ದು ಅದಕ್ಕೇ. ಕೆಲಸ ಮುಗಿದ ಮೇಲೂ ನಿಮ್ಮ ಮಾತು ಹಾಕಿಕೊಂಡು ಕೂರ್ತಿದ್ದೆ. ಈಗ ಎಲ್ಲ ಅಳಿಸಿ ಆಯ್ತು. ಕೇಳಬೇಕು ಅನ್ನಿಸಿದರೆ ಏನೂ ಉಳಿದಿಲ್ಲ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವಳು ಆ ಮೌನವನ್ನು ಹಾಗೆಯೇ ಇರಗೊಟ್ಟಳು.

"ಬಂದು ಕೇಳಿ" ಎಂದ ಕೊನೆಗೆ. "ದಿನಾ ಬೇಕಾದರೂ."

"ಟೈಪ್ ಮಾಡಲ್ಲ."

"ವಿಳಾಸವನ್ನೂ ಬರೀಬೇಡಿ."

ಇಬ್ಬರೂ ನಕ್ಕರು. ಅವನು ಹಗ್ಗ ಬಿಚ್ಚಿ, ರೂಢಿಯಂತೆ ತಿರುಗಿ ನಿಂತು, ಅವಳತ್ತ ಬೆರಳು ಮಾಡಿದ.

"ಒಂದು."

"ಅಷ್ಟೇನಾ?" ಎಂದಳು ಅವಳು. "ನಿಮ್ಮನ್ನ ಯಾರು ಎಣಿಸ್ತಾರೆ?"

"ಲಾಂಚ್ ಓಡಿಸೋನನ್ನ ಎಣಿಸೋ ಪದ್ಧತಿ ಇಲ್ಲ."

ಅವಳು ಬೆಂಚಿನಿಂದೆದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು. ಬೆರಳ ತುದಿಯಿಂದ ಅವನ ತೋಳು ಮುಟ್ಟಿದಳು.

"ಎರಡು" ಎಂದಳು.